ಗೂನನ ಹೆಣ, ಕ್ಷೌರಿಕನ ಬಾಯಿ: ಕಥೆಯೊಳಗೆ ಇಷ್ಟೊಂದು ಕಥೆ ಯಾಕೆ?

ಓದುಗರ ಪ್ರಶ್ನೆ: ಅರೇಬಿಯನ್ ನೈಟ್ಸ್‌ನ ಇಂಗ್ಲಿಷ್ ಅನುವಾದ ಓದುತ್ತಿದ್ದೇನೆ. ಗೂನುಬೆನ್ನಿನವನ ಕಥೆ ಶುರುವಾದಾಗ ತುಂಬಾ ಮಜಾ ಇತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಯಾರು ಯಾರಿಗೆ ಕಥೆ ಹೇಳುತ್ತಿದ್ದಾರೆ ಅನ್ನುವುದೇ ಮರೆತುಹೋಯಿತು. ಕ್ಷೌರಿಕ ಬಂದ ಮೇಲಂತೂ ಗೂನನ ಹೆಣ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಸುಮ್ನೆ ಪುಟ ತುಂಬಿಸಲು ಹೀಗೆ ಕಥೆ ತುರುಕುತ್ತಿದ್ದರಾ? ಮತ್ತೆ, ಇದೆಲ್ಲ ನಮ್ಮ ಪಂಚತಂತ್ರದಿಂದಲೇ ಹೋಗಿದ್ದು ಅಂತಾರಲ್ಲ, ನಿಜವಾ?

ಉತ್ತರ: ತುರುಕಿದ್ದಲ್ಲ. ಈ ಕಥೆಯೊಳಗೆ ಕಥೆ ಅಂದರೆ ದುಡ್ಡು. ಪ್ರಾಣ ಬಿಡಿಸಿಕೊಳ್ಳಲು ಕಟ್ಟುವ ದುಡ್ಡು. ಅದನ್ನು ಕಟ್ಟುತ್ತಿರುವವರು ಯಾರು, ಯಾರ ತಲೆ ಉಳಿಸಲು ಕಟ್ಟುತ್ತಿದ್ದಾರೆ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಗೂನನ ಕಥೆಯ ವಿಶೇಷ ಇರುವುದೂ ಅಲ್ಲೇ: ಬೇರೆ ಕಡೆ ಸರಾಗವಾಗಿ ಚಲಾವಣೆಯಾಗುವ ಆ ದುಡ್ಡು ಇಲ್ಲಿ ಮೂರು ಸಲ ವಾಪಸ್ ಬರುತ್ತದೆ.

ಕಥೆ ಓದದವರಿಗಾಗಿ ಮೊದಲ ಭಾಗ ಹೇಳಿಬಿಡುತ್ತೇನೆ. ಚೀನಾದ ಒಂದು ಊರು. ಕೆಲವು ಪ್ರತಿಗಳಲ್ಲಿ ಇದು ಬಸ್ರಾ. ಚೀನಾ ಅಂದರೂ ಅಲ್ಲಿನ ಬೀದಿ, ಮಾರುಕಟ್ಟೆ, ಜನ ಎಲ್ಲ ಅಪ್ಪಟ ಕೈರೋ, ಡಮಾಸ್ಕಸ್ ಥರವೇ ಇದೆ. ಒಬ್ಬ ದರ್ಜಿ, ಅವನ ಹೆಂಡತಿ ಸಂಜೆ ತಿರುಗಾಡಲು ಹೋದವರು ದಾರಿಯಲ್ಲಿ ಸಿಕ್ಕ ಒಬ್ಬ ತಮಾಷೆಯ ಗೂನನನ್ನು ಊಟಕ್ಕೆ ಮನೆಗೆ ಕರೆತರುತ್ತಾರೆ. ಕರಿದ ಮೀನು, ರೊಟ್ಟಿ, ನಿಂಬೆಹಣ್ಣು. ಹೆಂಡತಿ ಹುಡುಗಾಟಕ್ಕೆ ಮೀನಿನ ದೊಡ್ಡ ತುಂಡನ್ನು ಅವನ ಬಾಯಿಗೆ ತುರುಕಿ, ಅಗಿಯದೆ ನುಂಗು ಅನ್ನುತ್ತಾಳೆ. ಮುಳ್ಳು ಗಂಟಲಿಗೆ ಸಿಕ್ಕಿ ಆತ ಅಲ್ಲೇ ಒರಗುತ್ತಾನೆ.

ಗಂಡ ಹೆಂಡತಿ ಹೆಣಕ್ಕೆ ಬಟ್ಟೆ ಸುತ್ತಿ, ಸಿಡುಬು ಬಂದ ಮಗು ಅಂತ ನಾಟಕ ಮಾಡುತ್ತಾ ಯಹೂದಿ ವೈದ್ಯನ ಮನೆಗೆ ಹೊತ್ತೊಯ್ಯುತ್ತಾರೆ. ಮೆಟ್ಟಿಲ ಮೇಲೆ ಇಟ್ಟು ಪರಾರಿ. ವೈದ್ಯ ಕತ್ತಲಲ್ಲಿ ಓಡಿಬಂದು ಎಡವುತ್ತಾನೆ, ಹೆಣ ಉರುಳಿ ಬೀಳುತ್ತದೆ, ರೋಗಿಯನ್ನು ನಾನೇ ಕೊಂದೆ ಅಂತ ಅವನ ಜೀವ ಬಾಯಿಗೆ ಬರುತ್ತದೆ. ಅವನೂ ಹೆಂಡತಿಯೂ ಸೇರಿ ಅದನ್ನು ಪಕ್ಕದ ಮನೆಗೆ ಮೇಲಿಂದ ಇಳಿಸುತ್ತಾರೆ. ಪಕ್ಕದ ಮನೆಯವನು ರಾಜನ ಅಡುಗೆಮನೆಯ ಉಸ್ತುವಾರಿ. ಮಾಂಸ, ತುಪ್ಪ ಕದಿಯುತ್ತಿದ್ದ ಕಳ್ಳ ಇವನೇ ಅಂದುಕೊಂಡು ಬಡಿಗೆಯಲ್ಲಿ ಬಾರಿಸುತ್ತಾನೆ. ಆಮೇಲೆ ಅವನಿಗೂ ಅದೇ ಭಯ. ಹೆಣವನ್ನು ಒಯ್ದು ಬಜಾರಿನ ಒಂದು ಅಂಗಡಿಯ ಗೋಡೆಗೆ ಒರಗಿಸಿ ಬರುತ್ತಾನೆ. ಆ ದಾರಿಯಲ್ಲಿ ಕುಡಿದು ತೂರಾಡುತ್ತಾ ಬಂದ ಕ್ರಿಶ್ಚಿಯನ್ ದಲ್ಲಾಳಿಯ ಪೇಟವನ್ನು ಅವತ್ತಷ್ಟೇ ಯಾರೋ ಕಿತ್ತುಕೊಂಡು ಓಡಿರುತ್ತಾರೆ. ಗೋಡೆಗೆ ಒರಗಿದವನು ಇನ್ನೊಬ್ಬ ಪೇಟಗಳ್ಳ ಅಂತ ಅವನು ಗುದ್ದುತ್ತಾನೆ, ಕಾವಲುಗಾರನ ಕೈಗೆ ಸಿಕ್ಕಿಬೀಳುತ್ತಾನೆ.

ಬೆಳಿಗ್ಗೆ ನೇಣಿನ ಹತ್ತಿರ ನಡೆಯುವುದು ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯುತ್ತಮ ಹಾಸ್ಯ. ದಲ್ಲಾಳಿಯ ಕುತ್ತಿಗೆಗೆ ಹಗ್ಗ ಬಿದ್ದಿದೆ. ಉಸ್ತುವಾರಿ ಜನರನ್ನು ತಳ್ಳಿಕೊಂಡು ಮುಂದೆ ಬಂದು, ಕೊಂದವನು ನಾನು, ಒಬ್ಬ ಮುಸಲ್ಮಾನನನ್ನು ಕೊಂದ ಪಾಪವೇ ಸಾಕು, ಈ ಕ್ರಿಶ್ಚಿಯನ್ನನ ಸಾವನ್ನೂ ನನ್ನ ತಲೆಗೆ ಕಟ್ಟಬೇಡಿ ಅನ್ನುತ್ತಾನೆ. ಹಗ್ಗ ಅವನ ಕುತ್ತಿಗೆಗೆ ಬರುತ್ತದೆ. ಆಗ ವೈದ್ಯ ಬರುತ್ತಾನೆ. ಆಮೇಲೆ ದರ್ಜಿ. ಒಬ್ಬನನ್ನು ಇಳಿಸು, ಇನ್ನೊಬ್ಬನನ್ನು ಏರಿಸು, ನೇಣು ಹಾಕುವವನಿಗೇ ಸಾಕುಸಾಕಾಗಿ ಹೋಗುತ್ತದೆ. ರಾತ್ರಿ ಹೆಣವನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ದಾಟಿಸಿದವರೇ ಹಗಲಲ್ಲಿ ಅಪರಾಧವನ್ನು ವಾಪಸ್ ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಭಯಕ್ಕೆ ಸುಳ್ಳಾಡಿದರು ನಿಜ, ಆದರೆ ನಿರಪರಾಧಿ ಸಾಯುವುದನ್ನು ಸುಮ್ಮನೆ ನೋಡಿಕೊಂಡು ನಿಲ್ಲಲು ಅವರಿಂದ ಆಗಲಿಲ್ಲ, ಅದೂ ಬೇರೆ ಬೇರೆ ಧರ್ಮದವರಿಂದ. ಹೇಳುವವನು ಇದರ ಬಗ್ಗೆ ಒಂದು ಮಾತೂ ಉಪದೇಶ ಮಾಡುವುದಿಲ್ಲ. ಹಾಗಾಗಿಯೇ ಅದು ಚೆನ್ನಾಗಿದೆ.

ಸತ್ತ ಗೂನ ರಾಜನ ಅಚ್ಚುಮೆಚ್ಚಿನ ವಿದೂಷಕ. ವಿಷಯ ಆಸ್ಥಾನಕ್ಕೆ ಹೋಗುತ್ತದೆ. ಎಲ್ಲ ಕೇಳಿದ ರಾಜ, ಇದಕ್ಕಿಂತ ವಿಚಿತ್ರವಾದದ್ದನ್ನು ಯಾರಾದರೂ ಕೇಳಿದ್ದೀರಾ ಅನ್ನುತ್ತಾನೆ. ನೀವು ದಾರಿ ತಪ್ಪಿದ್ದು ಇಲ್ಲಿಂದ ಮುಂದೆ ಅಂತ ನನ್ನ ಅಂದಾಜು.

ಈ ಪುಸ್ತಕದಲ್ಲಿ ಇದಕ್ಕೂ ಮೊದಲೇ ಒಂದು ರೂಢಿ ಬಿದ್ದಿದೆ. ಶಹರಜಾದೆ ತನ್ನನ್ನು ಕೊಲ್ಲಿಸಲಿರುವ ರಾಜನಿಗೆ, ಅಂದರೆ ಗಂಡನಿಗೆ, ತನ್ನ ತಲೆ ಉಳಿಸಿಕೊಳ್ಳಲು ಕಥೆ ಹೇಳುತ್ತಿದ್ದಾಳೆ, ಅದು ಎಲ್ಲರಿಗೂ ಗೊತ್ತು. ಅವಳು ಹೇಳುವ ಮೊದಲ ಕಥೆಯಲ್ಲೇ ಒಬ್ಬ ವ್ಯಾಪಾರಿ ಖರ್ಜೂರದ ಬೀಜ ಎಸೆದು ಗೊತ್ತಿಲ್ಲದೆ ಜಿನ್ ಅನ್ನುವ ಮಾಯಾವಿ ಭೂತವೊಂದರ ಮಗನನ್ನು ಕೊಂದಿರುತ್ತಾನೆ. ದಾರಿಯಲ್ಲಿ ಬಂದ ಮೂವರು ಮುದುಕರು ಒಂದೊಂದು ಕಥೆ ಹೇಳಿ, ಒಂದೊಂದಕ್ಕೂ ವ್ಯಾಪಾರಿಯ ಪ್ರಾಣದ ಮೂರನೇ ಒಂದು ಭಾಗವನ್ನು ಜಿನ್‌ನಿಂದ ಬಿಡಿಸಿಕೊಳ್ಳುತ್ತಾರೆ. ಎಷ್ಟು ನೇರ ವ್ಯವಹಾರ ನೋಡಿ! ಒಂದು ಕಥೆ, ಮೂರನೇ ಒಂದು ಪ್ರಾಣ. ಜಿನ್ ಚೌಕಾಸಿಯನ್ನೂ ಮಾಡುವುದಿಲ್ಲ. ಇದನ್ನು ಶಹರಜಾದೆ ಸುಮ್ನೆ ಹೇಳುತ್ತಿಲ್ಲ. ಎದುರು ಕೂತಿರುವ ಗಂಡನಿಗೆ, ನೋಡು, ಜಿನ್ ಕೂಡ ಹೀಗೆ ಬಿಟ್ಟುಬಿಟ್ಟಿತು ಅಂತ ಕೇಳಿಸುತ್ತಿದ್ದಾಳೆ.

ಗೂನನ ಕಥೆಯಲ್ಲಿ ರಾಜ ಅಷ್ಟು ಸುಲಭಕ್ಕೆ ಒಪ್ಪುವ ಗಿರಾಕಿ ಅಲ್ಲ. ದಲ್ಲಾಳಿ ಮೊದಲು ಹೇಳುತ್ತಾನೆ. ಕೈರೋದಲ್ಲಿ ತನ್ನ ಜೊತೆ ಊಟಕ್ಕೆ ಕೂತ ಒಬ್ಬ ಸುಂದರ ಯುವಕ ಎಡಗೈಯಲ್ಲಿ ತಿನ್ನುತ್ತಿದ್ದ ಕಥೆ. ಎಡಗೈಯಲ್ಲಿ ತುತ್ತು ಎತ್ತಿದರೆ ನಮ್ಮಲ್ಲೂ ಅಜ್ಜಿಯರು ಗದರುತ್ತಾರೆ ಅಲ್ವಾ, ಆ ಇರಿಸುಮುರಿಸು ಕನ್ನಡದ ಓದುಗರಿಗೆ ಯಾವ ಅಡಿಟಿಪ್ಪಣಿಯೂ ಇಲ್ಲದೆ ತಟ್ಟುತ್ತದೆ. ಆ ಯುವಕ ಒಬ್ಬ ಹೆಂಗಸಿನ ಮೋಹದಲ್ಲಿ ಪ್ರತಿ ರಾತ್ರಿ 50 ದಿನಾರ್ ಸುರಿದು ಬರಿಗೈಯಾಗಿ, ಬಾಬ್ ಜುವೈಲಾ ಅನ್ನುವ ಹೆಬ್ಬಾಗಿಲಿನ ಗದ್ದಲದಲ್ಲಿ ಒಬ್ಬ ಸವಾರನ ಹಣದ ಚೀಲಕ್ಕೆ ಕೈ ಹಾಕಿ ಬಲಗೈ ಕಳೆದುಕೊಂಡವನು. ಆ ಹೆಬ್ಬಾಗಿಲು ಕೈರೋದಲ್ಲಿ ಇವತ್ತಿಗೂ ಇದೆ. ರಾಜ ಕೇಳಿ, ಇದು ಗೂನನ ಕಥೆಯಷ್ಟು ವಿಚಿತ್ರವಾಗಿಲ್ಲ, ಎಲ್ಲರಿಗೂ ನೇಣು ಅನ್ನುತ್ತಾನೆ.

ಉಸ್ತುವಾರಿಯ ಕಥೆ: ಜೀರ್‌ಬಾಜ ಅನ್ನುವ ಬೆಳ್ಳುಳ್ಳಿ ಹಾಕಿದ ಪದಾರ್ಥ ತಿನ್ನಬೇಕಾದರೆ 120 ಸಲ ಕೈ ತೊಳೆಯುವ ಹರಕೆ ಹೊತ್ತ ಅತಿಥಿಯೊಬ್ಬನದು. ಮದುವೆಯ ರಾತ್ರಿ ಅದನ್ನು ತಿಂದು ಕೈ ತೊಳೆಯದೆ ಹೆಂಡತಿಯ ಹತ್ತಿರ ಹೋಗಿದ್ದಕ್ಕೆ ಅವಳು ಅವನ ಹೆಬ್ಬೆರಳುಗಳನ್ನೇ ಕತ್ತರಿಸಿದ್ದಾಳೆ, ಕೈಯದ್ದೂ ಕಾಲಿನದ್ದೂ. ರಾಜ: ಸಾಲದು. ವೈದ್ಯನ ಕಥೆ ಡಮಾಸ್ಕಸ್‌ನದು, ಅಲ್ಲೂ ಒಂದು ಕತ್ತರಿಸಿದ ಬಲಗೈ, ಜೊತೆಗೆ ಹೊಟ್ಟೆಕಿಚ್ಚಿನ ಒಂದು ಕೊಲೆ. ಸಾಲದು. ಈ ಮೂರರಲ್ಲಿ ನನಗೆ ವೈದ್ಯನದು ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಮೊದಲನೆಯದರ ನೆರಳು ಜಾಸ್ತಿ ಇದೆ. ಆದರೆ ರಾಜ ತಿರಸ್ಕರಿಸುವಾಗ ಆ ಸಪ್ಪೆತನವೂ ಕೆಲಸಕ್ಕೆ ಬರುತ್ತದೆ. ಕೇಳುವ ನಮಗೂ ಹೌದಪ್ಪ, ಇದು ಗೂನನ ಕಥೆಯ ಮುಂದೆ ಏನೂ ಅಲ್ಲ ಅನ್ನಿಸಬೇಕು. ನೇಣು ಹತ್ತಿರ ಬರುತ್ತಿದೆ ಅನ್ನಿಸಬೇಕು.

ಉಳಿದವನು ದರ್ಜಿ. ಅವನ ಕಥೆಗೆ ಬರುವ ಮೊದಲು ಸುಲಭವಾಗಿ ಕಣ್ತಪ್ಪುವ ಒಂದು ಸಂಗತಿ ಹೇಳಬೇಕು. ದರ್ಜಿ ಹೇಳುವುದು ಎಂದೋ ಎಲ್ಲೋ ನಡೆದದ್ದನ್ನಲ್ಲ. ಗೂನ ಸಿಕ್ಕಿದ್ದು ಸಂಜೆ. ಅದೇ ದಿನ ಬೆಳಿಗ್ಗೆ ದರ್ಜಿ ಒಂದು ಔತಣಕ್ಕೆ ಹೋಗಿದ್ದ. ಅಲ್ಲಿಗೆ ಬಗ್ದಾದಿನ ಒಬ್ಬ ಕುಂಟ ಯುವಕ ಬಂದ, ಕೂತಿದ್ದವರಲ್ಲಿ ಒಬ್ಬ ಮುದಿ ಕ್ಷೌರಿಕನನ್ನು ಕಂಡ, ತಕ್ಷಣ ಹೊರಡಲು ಎದ್ದ. ಈ ಮನುಷ್ಯ ಇರುವ ಊರಲ್ಲಿ ಇರಬಾರದು ಅಂತಲೇ ಬಗ್ದಾದ್ ಬಿಟ್ಟೆ, ಇಲ್ಲೂ ಬಂದು ಕೂತಿದ್ದಾನಲ್ಲ ಅಂತ ಅವನ ಗೋಳು. ಯಾಕೆ ಅಂತ ಕೇಳಿದ್ದಕ್ಕೆ ಅವನು ತನ್ನ ಕಥೆ ಹೇಳಿದ. ಖಾಜಿಯ ಮಗಳನ್ನು ಶುಕ್ರವಾರದ ನಮಾಜಿನ ಹೊತ್ತಿಗೆ ಗುಟ್ಟಾಗಿ ಭೇಟಿಯಾಗಬೇಕಿತ್ತು, ತಲೆ ಬೋಳಿಸಲು ಕ್ಷೌರಿಕನನ್ನು ಕರೆಸಿದ. ಕ್ಷೌರಿಕ ಕತ್ತಿ ತೆಗೆಯುವ ಬದಲು ಅಸ್ತ್ರಲಾಬ್ ಅನ್ನುವ, ಆಕಾಶ ಅಳೆಯುವ ಉಪಕರಣ ತೆಗೆದು ಅಂಗಳಕ್ಕೆ ಹೋಗಿ ಸೂರ್ಯನನ್ನು ಅಳೆಯಲು ನಿಂತ. ಮಾತು, ಮಾತು, ಮಾತು. ಕೊನೆಗೆ ಹಿಂಬಾಲಿಸಿಕೊಂಡೂ ಬಂದು, ಖಾಜಿಯ ಮನೆ ಮುಂದೆ ನನ್ನ ಯಜಮಾನನನ್ನು ಕೊಲ್ಲುತ್ತಿದ್ದಾರೆ ಅಂತ ಬೊಬ್ಬೆ ಹೊಡೆದು ಊರು ಸೇರಿಸಿದ. ಪೆಟ್ಟಿಗೆಯಲ್ಲಿ ಅಡಗಿದ್ದ ಯುವಕ ಆ ಗಲಾಟೆಯಲ್ಲಿ ಕಾಲು ಮುರಿದುಕೊಂಡ.

ಅಸ್ತ್ರಲಾಬ್ ಹಿಡಿದ ಕ್ಷೌರಿಕ ಅವತ್ತಿನ ತಾರೀಖನ್ನೂ ಹೇಳುತ್ತಾನೆ. ಈಗ ಸಿಕ್ಕಿರುವ ಹಳೆಯ ದೊಡ್ಡ ಹಸ್ತಪ್ರತಿಯಲ್ಲಿ ಅದು ಹಿಜರಿ 653ರ ಸಫರ್ ತಿಂಗಳು, ಅಂದರೆ 1255. ಬೇರೆ ಪ್ರತಿಗಳಲ್ಲಿ ವರ್ಷ ಬೇರೆ ಇದೆ. ಮೂರು ವರ್ಷ ಕಳೆದರೆ, 1258ರಲ್ಲಿ, ಮಂಗೋಲರು ಬಂದು ಬಗ್ದಾದನ್ನು ಹಾಳುಗೆಡವುತ್ತಾರೆ. ಆ ಹಸ್ತಪ್ರತಿ 14 ಅಥವಾ 15ನೇ ಶತಮಾನದ್ದು, ಸಿರಿಯಾದಲ್ಲಿ ಬರೆದದ್ದು. ಅದನ್ನು ಓದುತ್ತಿದ್ದವರಿಗೆ ಖಲೀಫರ ಬಗ್ದಾದ್ ಮುಗಿದುಹೋದ ಲೋಕ.

ಸರಿ, ಯುವಕ ಕಥೆ ಮುಗಿಸಿ ಎದ್ದುಹೋದ. ಈಗ ಕ್ಷೌರಿಕ ತನ್ನ ಸಮರ್ಥನೆಗೆ ನಿಲ್ಲುತ್ತಾನೆ. ನಾನು ಮಿತಭಾಷಿ, ಜನ ನನ್ನನ್ನು ಮೌನಿ ಅಂತಲೇ ಕರೆಯುತ್ತಾರೆ, ಬಾಯಿಬಡುಕರು ಅಂದರೆ ನನ್ನ ಆರು ಜನ ಅಣ್ಣಂದಿರು ಅಂತ ಶುರು ಮಾಡಿ, ಆರೂ ಜನರ ಕಥೆ ಹೇಳುತ್ತಾನೆ. ಅದನ್ನೂ ನೇರವಾಗಿ ಹೇಳುವುದಿಲ್ಲ. ಹಿಂದೆ ಖಲೀಫ ಮುಸ್ತನ್ಸಿರ್‌ಗೆ ಹೇಗೆ ಹೇಳಿದೆ ಅನ್ನುವುದನ್ನು ಹೇಳುತ್ತಾನೆ! ಹಬ್ಬದ ದಿನ ದೋಣಿಯಲ್ಲಿ ಹೋಗುತ್ತಿದ್ದ ಹತ್ತು ಜನರನ್ನು ನೋಡಿ, ಯಾವುದೋ ಔತಣಕ್ಕೆ ಹೊರಟವರು ಅಂತ ಇವನೂ ಹತ್ತಿ ಕೂತ. ಅವರು ಸೆರೆಸಿಕ್ಕ ದರೋಡೆಕೋರರು. ಖಲೀಫನ ಎದುರು ಹತ್ತು ತಲೆ ಉರುಳಿದವು, ಹನ್ನೊಂದನೆಯವನಾಗಿ ಇವನು ಉಳಿದ. ಯಾಕಪ್ಪಾ ಬಾಯಿ ಬಿಡಲಿಲ್ಲ ಅಂದರೆ, ನಾನು ಮಾತು ಕಮ್ಮಿ ಆಡುವವನು ಅಂದ. ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿದ್ದು, ಅದೇ ಅವನ ತಲೆ ತೆಗೆಯುವುದರಲ್ಲಿತ್ತು.

ಈಗ ಪದರ ಎಣಿಸೋಣ, ನಿಮಗೆ ಬೇಕಿದ್ದದ್ದು ಇದೇ ಅಲ್ವಾ. ಹೆಸರಿಲ್ಲದ ನಿರೂಪಕ ನಮಗೆ ಶಹರಜಾದೆಯ ಕಥೆ ಹೇಳುತ್ತಾನೆ. ಶಹರಜಾದೆ ತನ್ನ ಗಂಡನಿಗೆ ಗೂನನ ಕಥೆ ಹೇಳುತ್ತಾಳೆ. ಅದರೊಳಗೆ ದರ್ಜಿ ಚೀನಾದ ರಾಜನಿಗೆ ಔತಣದ ಕಥೆ ಹೇಳುತ್ತಾನೆ. ಅದರೊಳಗೆ ಕ್ಷೌರಿಕ ಔತಣಕ್ಕೆ ಬಂದವರಿಗೆ ತಾನು ಖಲೀಫನನ್ನು ಭೇಟಿಯಾದ ಕಥೆ ಹೇಳುತ್ತಾನೆ. ಅದರೊಳಗೆ ಅದೇ ಕ್ಷೌರಿಕ ಖಲೀಫನಿಗೆ ಅಣ್ಣಂದಿರ ಕಥೆ ಹೇಳುತ್ತಾನೆ. ಅದರೊಳಗೆ ಐದನೇ ಅಣ್ಣ ಗಾಜಿನ ಸಾಮಾನಿನ ಬುಟ್ಟಿ ಮುಂದಿಟ್ಟುಕೊಂಡು ತನಗೆ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತಾನೆ. ಆರು ಪದರ ಆಯಿತು. ಮಧ್ಯದಲ್ಲಿ ಎಲ್ಲೂ ಗಂಟು ಬಿಟ್ಟುಹೋಗಿಲ್ಲ. ಮುಸ್ತನ್ಸಿರ್ ನಿಜವಾದ ಖಲೀಫ, ಆಳಿದ್ದು 1226ರಿಂದ 1242ರವರೆಗೆ. ಅವನು ತನ್ನನ್ನು ಊರುಬಿಡಿಸಿದ, ಅವನು ಸತ್ತ ಮೇಲೆ ಬಗ್ದಾದಿಗೆ ವಾಪಸ್ ಬಂದೆ, ಆಗ ಈ ಯುವಕನ ಪರಿಚಯ ಆಯಿತು ಅನ್ನುತ್ತಾನೆ ಕ್ಷೌರಿಕ. 1255ಕ್ಕೆ ಲೆಕ್ಕ ಸರಿಯಾಗಿ ಕೂಡುತ್ತದೆ. ಇಂಥದ್ದನ್ನು ಪುಟ ತುಂಬಿಸುವವರು ಮಾಡುವುದಿಲ್ಲ.

ಆ ಐದನೇ ಅಣ್ಣನ ಹತ್ತಿರ ಸ್ವಲ್ಪ ನಿಲ್ಲೋಣ, ಪಂಚತಂತ್ರದ ಪ್ರಶ್ನೆಗೆ ಉತ್ತರ ಅವನಲ್ಲೇ ಇದೆ. ಅಪ್ಪ ಸತ್ತಾಗ ಪಾಲಿಗೆ ಬಂದ 100 ದಿರ್ಹಮ್‌ಗೆ ಗಾಜಿನ ಸಾಮಾನು ಕೊಂಡು ಮಾರಲು ಕೂರುತ್ತಾನೆ. ಇದನ್ನು 200ಕ್ಕೆ ಮಾರುವೆ, ಅದರಿಂದ ಮತ್ತೆ ಕೊಳ್ಳುವೆ, ಹೀಗೇ ಸಾವಿರಗಟ್ಟಲೆ ಆಗುತ್ತದೆ, ವಜೀರನ ಮಗಳನ್ನು ಮದುವೆಯಾಗುವೆ, ಅವಳು ಬಟ್ಟಲು ಹಿಡಿದು ಎದುರು ನಿಂತು ಬೇಡಿಕೊಂಡರೂ ನೋಡದೆ ಹೀಗೆ ಒದೆಯುವೆ ಅಂತ ಕಾಲು ಎತ್ತುತ್ತಾನೆ. ಬುಟ್ಟಿ ಉರುಳಿ ಎಲ್ಲ ಚೂರು.

ಗುರುತು ಸಿಕ್ಕಿತಲ್ಲ? ಪಂಚತಂತ್ರದ ಹಿಟ್ಟಿನ ಮಡಕೆಯ ಬ್ರಾಹ್ಮಣ. ಹಿಟ್ಟು ಮಾರಿ ಮೇಕೆ, ಮೇಕೆಯಿಂದ ದನ, ಮನೆ, ಹೆಂಡತಿ, ಮಗ ಸೋಮಶರ್ಮ, ಮಗುವನ್ನು ನೋಡಿಕೊಳ್ಳದ ಹೆಂಡತಿಗೆ ಒದೆ, ಮಡಕೆ ಒಡೆದು ಮೈತುಂಬ ಹಿಟ್ಟು. ಅದು ಹೋದ ದಾರಿಯೂ ಗೊತ್ತಿರುವುದೇ. 6ನೇ ಶತಮಾನದಲ್ಲಿ ಇರಾನಿನ ದೊರೆ ಖುಸ್ರೋ ಅನುಷಿರ್ವಾನನ ಕಾಲದಲ್ಲಿ ಬುರ್ಜೋಯ್ ಅನ್ನುವ ವೈದ್ಯ ಪಂಚತಂತ್ರವನ್ನು ಆಗಿನ ಇರಾನಿನ ಭಾಷೆ ಪಹ್ಲವಿಗೆ ತಂದ. ಅದನ್ನು 8ನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫ ಅರಬ್ಬಿಗೆ ತಂದ, ಅದೇ ‘ಕಲೀಲ ವ ದಿಮ್ನ’. ಅಲ್ಲಿ ಬ್ರಾಹ್ಮಣ ಸನ್ಯಾಸಿಯಾದ, ಹಿಟ್ಟಿನ ಬದಲು ಜೇನು ತುಪ್ಪಗಳ ಮಡಕೆ ಬಂತು, ಕಾಲಿನ ಬದಲು ಕೋಲು ಬಂತು. ಕ್ಷೌರಿಕನ ಅಣ್ಣನ ಹೊತ್ತಿಗೆ ಮಡಕೆ ಹೋಗಿ ಬಗ್ದಾದಿನ ಬಜಾರಿನ ಗಾಜು ಬಂದಿದೆ. ಒದೆ ಮಾತ್ರ ಮತ್ತೆ ಕಾಲಿಗೇ ಬಂದಿದೆ. (ಇತ್ತ ನಮ್ಮಲ್ಲಿ 1031ರಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಯುದ್ಧ, ಒಪ್ಪಂದ ನೋಡಿಕೊಳ್ಳುವ ಅಧಿಕಾರಿ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದನಲ್ಲ, ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗನ ಪಾಠವನ್ನು. ಅಂದರೆ ಈ ಕಥೆಗಳು ಹೊರಗೆ ಹೋಗುತ್ತಿದ್ದಂತೆಯೇ ಒಳಗೂ ನಾನಾ ಕವಲಾಗಿ ಓಡಾಡುತ್ತಿದ್ದವು.)

ಹಾಗಾದರೆ ಎಲ್ಲ ನಮ್ಮದೇ ಅನ್ನಬಹುದಾ? ಅನ್ನಬಾರದು. ಕಥೆಯೊಳಗೆ ಕಥೆ ಹೆಣೆಯುವ ಕಸುಬು ಭಾರತದಿಂದ ಪರ್ಷಿಯಾ ದಾಟಿ ಅರಬ್ಬಿಗೆ ಹೋಯಿತು ಅನ್ನುವುದನ್ನು ಬಹಳ ವಿದ್ವಾಂಸರು ಒಪ್ಪುತ್ತಾರೆ. 10ನೇ ಶತಮಾನದ ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅಲ್-ನದೀಮ್ ಈ ಸಂಗ್ರಹದ ಮೂಲ ‘ಹಜಾರ್ ಅಫ್ಸಾನ್’ ಅನ್ನುವ ಪರ್ಷಿಯನ್ ಪುಸ್ತಕ ಅಂತ ಬರೆದಿದ್ದಾನೆ, ಅದು ಒರಟು ಪುಸ್ತಕ, ರುಚಿಯಿಲ್ಲ ಅಂತ ಮೂಗೂ ಮುರಿದಿದ್ದಾನೆ. ಆದರೆ ಕಸುಬು ಒಂದೇ ಆದರೂ ಅದರಿಂದ ತೆಗೆಸಿಕೊಂಡ ಕೆಲಸ ಬೇರೆ. ಪಂಚತಂತ್ರದಲ್ಲಿ ಒಳಕಥೆ ಬುದ್ಧಿ ಹೇಳಲು ಬರುತ್ತದೆ. ಹೀಗೆ ಮಾಡಿದರೆ ನಿನಗೂ ಇಂಥವನ ಗತಿಯೇ ಅನ್ನುತ್ತಾರೆ, ಅದು ಹೇಗೆ ಅಂತ ಇನ್ನೊಬ್ಬ ಕೇಳುತ್ತಾನೆ, ಕಥೆ ಶುರು. ಬೇತಾಳನ ಕಥೆಗಳಲ್ಲಿ ಒಳಕಥೆ ಒಂದು ಒಗಟು. ಅರಬ್ಬಿಯ ಈ ಕಥೆಯಲ್ಲಿ ಅದು ಬಿಡುಗಡೆಯ ಹಣ. ಹಿಟ್ಟಿನ ಮಡಕೆಯ ಕಥೆಯನ್ನು ಪಂಚತಂತ್ರದಲ್ಲಿ ಕೇಳುವವನಿಗೆ ಎಚ್ಚರಿಕೆ ಅಂತ ಹೇಳುತ್ತಾರೆ. ಕ್ಷೌರಿಕ ಅದನ್ನೇ ತಾನು ಮಾತು ಕಮ್ಮಿ ಆಡುವವನು ಅನ್ನುವುದಕ್ಕೆ ಸಾಕ್ಷಿಯಾಗಿ ಹೇಳುತ್ತಾನೆ! ಕಥೆ ಅದೇ, ಆದರೆ ಅದನ್ನು ಹಿಡಿದಿರುವ ಕೈ ಬೇರೆ, ಹಾಗಾಗಿ ನಗು ಬೇರೆ.

ಈಗ ಹೆಣಕ್ಕೆ ಬರೋಣ. ಅದು ಎಲ್ಲೂ ಹೋಗಿಲ್ಲ, ಇಷ್ಟು ಹೊತ್ತೂ ರಾಜನ ಎದುರೇ ಬಿದ್ದಿದೆ. ದರ್ಜಿಯ ಕಥೆಗೆ ರಾಜ ಕೊನೆಗೂ ಸೋಲುತ್ತಾನೆ, ಆ ಕ್ಷೌರಿಕನನ್ನು ಕರೆತನ್ನಿ, ಅವನನ್ನು ನೋಡಬೇಕು ಅನ್ನುತ್ತಾನೆ. ಔತಣದವರು ಅವನ ಮಾತು ತಾಳಲಾರದೆ ಕೋಣೆಯಲ್ಲಿ ಕೂಡಿಹಾಕಿ ಊಟ ಮಾಡಿದ್ದರು, ಅಲ್ಲಿಂದ ಬಿಡಿಸಿ ತರುತ್ತಾರೆ. ಗಮನಿಸಿ, ಇಲ್ಲಿವರೆಗೆ ದರ್ಜಿಯ ಮಾತಿನೊಳಗೆ ಮಾತ್ರ ಇದ್ದ ಮನುಷ್ಯ ಈಗ ಪದರ ದಾಟಿ ಹೊರಗೆ ಬಂದು ರಾಜನ ಮುಂದೆ ನಿಲ್ಲುತ್ತಾನೆ. ಬಂದವನು ಮಾಡುವ ಮೊದಲ ಕೆಲಸ ಏನು? ಕೇಳುತ್ತಾನೆ. ಈ ಯಹೂದಿ, ಈ ಕ್ರಿಶ್ಚಿಯನ್, ಈ ಮುಸಲ್ಮಾನ, ಈ ಹೆಣ, ಇದೆಲ್ಲ ಏನು ಅಂತ. ಪೂರ್ತಿ ಕೇಳಿಸಿಕೊಳ್ಳುತ್ತಾನೆ, ಹೆಣದ ಹತ್ತಿರ ಕೂತು ಮುಖ ನೋಡುತ್ತಾನೆ, ಬಿದ್ದು ಬಿದ್ದು ನಗುತ್ತಾನೆ. ತನ್ನ ಚೀಲದಿಂದ ಮುಲಾಮು ತೆಗೆದು ಕುತ್ತಿಗೆಗೆ ಹಚ್ಚಿ, ಚಿಮಟ ಗಂಟಲಿಗಿಳಿಸಿ ರಕ್ತ ಮೆತ್ತಿದ ಮುಳ್ಳನ್ನು ಹೊರಗೆಳೆಯುತ್ತಾನೆ. ಗೂನ ಸೀನುತ್ತಾನೆ, ಎದ್ದು ಕೂರುತ್ತಾನೆ.

ರಾತ್ರಿಯಿಡೀ ಆ ದೇಹ ನಾಲ್ಕು ಕೈ ದಾಟಿದೆ. ಅದರಲ್ಲಿ ಒಬ್ಬ ವೈದ್ಯ! ಒಬ್ಬರೂ ಸರಿಯಾಗಿ ಪರೀಕ್ಷೆ ಮಾಡಲಿಲ್ಲ, ಎಲ್ಲರಿಗೂ ತಮ್ಮ ಕುತ್ತಿಗೆಯದೇ ಯೋಚನೆ. ಆಮೇಲೆ ಹೇಳಿದ ಕಥೆಗಳ ತುಂಬ ಕೈ, ಬೆರಳು, ಕಾಲು, ಕಿವಿ, ತುಟಿ ಕಳೆದುಕೊಂಡವರೇ. ಕಳೆದದ್ದು ಒಬ್ಬರಿಗೂ ವಾಪಸ್ ಬರಲಿಲ್ಲ. ವಾಪಸ್ ಬಂದದ್ದು ಗೂನನ ಪ್ರಾಣ ಒಂದೇ, ಅದನ್ನು ತಂದದ್ದು ಎಲ್ಲರೂ ಬೈದು ಓಡಿಸಿದ ಬಾಯಿಬಡುಕ. ಕೊಲೆಯೇ ಆಗಿಲ್ಲ ಅಂದಮೇಲೆ ನಾಲ್ವರೂ ಅಷ್ಟು ಕಷ್ಟಪಟ್ಟು ಕಟ್ಟಿದ ದಂಡದ ಅಗತ್ಯವೂ ಇರಲಿಲ್ಲ. ಆದರೆ ಆ ಕಥೆಗಳು ಇಲ್ಲದಿದ್ದರೆ ಕ್ಷೌರಿಕ ಬರುವ ಹೊತ್ತಿಗೆ ನಾಲ್ವರೂ ಹಗ್ಗದಲ್ಲಿರುತ್ತಿದ್ದರು, ಗೂನ ಮಣ್ಣಿನಡಿ ಇರುತ್ತಿದ್ದ. ಕಥೆ ಕೊಂಡದ್ದು ಕ್ಷಮೆಯನ್ನಲ್ಲ, ಸಮಯವನ್ನು. ಶಹರಜಾದೆ ಪ್ರತಿ ರಾತ್ರಿ ಕೊಳ್ಳುತ್ತಿರುವುದೂ ಅದನ್ನೇ. ಇದನ್ನು ಅವಳು ಹಳೆಯ ಹಸ್ತಪ್ರತಿಯಲ್ಲಿ ಸುಮಾರು 70 ರಾತ್ರಿ ಎಳೆದಿದ್ದಾಳೆ.

ಮುಂದೆ ಓದುವುದಕ್ಕೆ ಒಂದೆರಡು ಮಾತು. ಆ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದನ್ನು ಸಿರಿಯಾದಿಂದ ತರಿಸಿಕೊಂಡ ಆಂತ್ವಾನ್ ಗಲಾಂ 1704ರಿಂದ ಫ್ರೆಂಚ್ ಅನುವಾದ ಹೊರತಂದ. ಅಲ್ಲಾದ್ದೀನ್, ಅಲಿಬಾಬಾ ಅದರಲ್ಲಿ ಇಲ್ಲ, ಅವೆರಡನ್ನೂ 1709ರಲ್ಲಿ ಗಲಾಂಗೆ ಬಾಯಲ್ಲಿ ಹೇಳಿದವನು ಪ್ಯಾರಿಸ್ಸಿಗೆ ಬಂದಿದ್ದ ಅಲೆಪ್ಪೊದ ಹನ್ನಾ ದಿಯಾಬ್. ಗೂನನ ಕಥೆ ಮಾತ್ರ ಹಳೆಯ ತಿರುಳಿಗೇ ಸೇರಿದ್ದು. ಆ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡು ಮುಹ್ಸಿನ್ ಮಹ್ದಿ 1984ರಲ್ಲಿ ಅರಬ್ಬಿ ಪಾಠ ಸಿದ್ಧಪಡಿಸಿದರು, ಅದನ್ನು 1990ರಲ್ಲಿ ಹುಸೇನ್ ಹದ್ದಾವಿ ಸರಳ ಇಂಗ್ಲಿಷ್‌ಗೆ ತಂದರು. ನಿಮ್ಮ ಕೈಯಲ್ಲಿರುವುದು 19ನೇ ಶತಮಾನದ ದಪ್ಪ ಅನುವಾದ ಆಗಿದ್ದರೆ ಇದಕ್ಕೆ ಬದಲಾಯಿಸಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಮಕ್ಕಳಿಗೆ ಹೇಳುವುದಾದರೆ ಗೂನನ ಹೆಣದ ಓಡಾಟ, ನೇಣಿನ ಹತ್ತಿರದ ಗಲಾಟೆ, ದೋಣಿಯ ಹತ್ತು ಜನ, ಗಾಜಿನ ಬುಟ್ಟಿ, ಕೊನೆಗೆ ಮುಳ್ಳು, ಇಷ್ಟು ಸಾಕು. ವೈದ್ಯನ ಕಥೆಯನ್ನು ಧಾರಾಳವಾಗಿ ಬಿಟ್ಟುಬಿಡಿ, ರಾಜನೇ ಬೇಡ ಅಂದಿದ್ದಾನೆ.